ಪುಕ್ಕಟೆ ಸಿಕ್ಕಿದ್ದಕ್ಕೂ ಕಾಣಿಕೆ ಇರಲಿ



ನಮ್ಮ ಕೊಯಮತ್ತೂರು, ತಿರುಪ್ಪೂರಿನ ಮನೆಗಳಲ್ಲಿ ಕಂಪ್ಯೂಟರ್ ಓದುವವರಿಗೆ ಸಿಗುವುದು ಹೆಚ್ಚಾಗಿ ಅಣ್ಣನೋ ಅಕ್ಕನೋ ಬಳಸಿಬಿಟ್ಟ ಲ್ಯಾಪ್‌ಟಾಪ್. ದೊಡ್ಡ ಸಾಫ್ಟ್‌ವೇರ್ ತೆರೆದರೆ ನಿಂತೇಬಿಡುತ್ತದೆ. ಅದರಲ್ಲೂ ವಿಮ್ ಎಂಬ ಹಗುರ ಟೆಕ್ಸ್ಟ್ ಎಡಿಟರ್ ಸಲೀಸಾಗಿ ಓಡುತ್ತದೆ. (ಅದರಿಂದ ಹೊರಬರುವುದು ಗೊತ್ತಾಗದೆ ನಾವೂ ಪರದಾಡಿದ್ದೇವೆ, ಅದು ಬೇರೆ ಮಾತು!)

ನೆದರ್‌ಲ್ಯಾಂಡ್ಸಿನ ಬ್ರಾಮ್ ಮೊಲೆನಾರ್ 1991ರಲ್ಲಿ ಇದನ್ನು ಬಿಡುಗಡೆ ಮಾಡಿ, 2023ರಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡರು. ಬೆಲೆ ಇಡಲಿಲ್ಲ. ಉಗಾಂಡಾದ ಬಡಮಕ್ಕಳಿಗೆ ನೆರವಾಗಿ ಎಂದು ಎಡಿಟರ್ ತೆರೆದೊಡನೆ ಕಾಣುವಂತೆ ಬರೆದಿಟ್ಟರು. ಎಷ್ಟೋ ಸಲ ನಾವು ಆ ಸಾಲು ನೋಡಿಯೂ ದಾಟಿಹೋದೆವು.

ಬೆಂಗಳೂರಿನ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿ ಘೋಷಿಸಿತು. ಸಂತೋಷ. ಆದರೆ ಅಲ್ಲಿ ಕನಿಷ್ಠ ನೆರವೇ 10,000 ಡಾಲರ್. ಕೋಡಿನ ತಪ್ಪು ತೋರಿಸುವ ಪುಟ್ಟ ಪ್ಲಗಿನ್ ಅನ್ನು ಕೆಲಸ ಮುಗಿಸಿ ಬಂದು ರಾತ್ರಿ ಬರೆಯುವ ಒಬ್ಬರಿಗೆ ಬೇಕಿರುವುದು ಹಲವರ ಚಿಲ್ಲರೆ ಹಣ.

ಊರಲ್ಲೇ ಕಷ್ಟವಿರುವಾಗ ಇದಕ್ಕೇಕೆ ದುಡ್ಡು ಎಂದು ಹಿರಿಯರು ಕೇಳಬಹುದು. ನಮ್ಮ ಮಕ್ಕಳು ಫೀಸಿಲ್ಲದೆ ಕೆಲಸ ಕಲಿಯುತ್ತಿರುವುದು ಇಂಥವುಗಳಿಂದಲೇ. ದುಡಿಯುವ ನಾವು ತಿಂಗಳಿಗೆ 50 ರೂಪಾಯಿ ಹಾಕೋಣ. ಓದುವವರು ದುಡ್ಡು ಕೊಡುವುದು ಬೇಡ, ದೋಷ ಕಂಡರೆ ಬರೆದವರಿಗೆ ತಿಳಿಸಿದರೆ ಸಾಕು. ಮೊದಲ ಹಣ ಯಾವುದಕ್ಕೆ ಎಂದು ಭಾನುವಾರ ಪೂಜೆಯ ನಂತರ ಕೂತು ತೀರ್ಮಾನಿಸೋಣ.