ಇಪ್ಪತ್ತನಾಲ್ಕು ದಿನಗಳ ಅಂಕಿ, ಎರಡು ದಿನಗಳ ಶಿಬಿರ

ಶಾಲಾ ಮಕ್ಕಳನ್ನು ಒಂದು ರಾತ್ರಿ ಟೆಂಟಿನಲ್ಲಿ ಮಲಗಿಸಿ, ಬಂಡೆಯೊಂದನ್ನು ಹತ್ತಿಸಿ, ಹಗ್ಗದ ಮೇಲೆ ನಡೆಸಿ, ಭಾನುವಾರ ಸಂಜೆ ಬಸ್ಸಿನಲ್ಲಿ ವಾಪಸು ಕರೆತಂದರೆ ಅವರ ವ್ಯಕ್ತಿತ್ವ ಬದಲಾಗುತ್ತದೆ ಎನ್ನಲು ನೆಚ್ಚಬಹುದಾದ ಪುರಾವೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 2024ರ ಜುಲೈನಲ್ಲಿ ಎನ್‌ಸಿಇಆರ್‌ಟಿ ‘ಬ್ಯಾಗ್‌ರಹಿತ ಹತ್ತು ದಿನ’ಗಳ ಮಾರ್ಗಸೂಚಿ ಹೊರಡಿಸಿದ ಮೇಲೆ, ಅದರೊಳಗೆ ಇರುವುದನ್ನೂ ಇಲ್ಲದಿರುವುದನ್ನೂ ಓದಿಕೊಂಡು ‘ಪ್ರತಿ ಮಗುವಿಗೂ ಸಾಹಸ ಶಿಬಿರ’ ಎನ್ನುವವರ ದನಿ ಜೋರಾಗಿದೆ. ಸಿಂಗಪುರ ಮಾಡಿಲ್ಲವೇ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಎಲ್ಲ ಲೇಖನಗಳಲ್ಲೂ ಒಂದು ವಾಕ್ಯ ಮಾತ್ರ ಖಾಯಂ: ‘ಇದು ಸಂಶೋಧನೆಯಿಂದ ಸಾಬೀತಾಗಿದೆ’. ಯಾವ ಸಂಶೋಧನೆ ಎಂದು ಬೆನ್ನುಹತ್ತಿ ಹೋದರೆ ಹೆಚ್ಚಿನ ಸಲ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಜಾನ್ ಹ್ಯಾಟಿ, ಹರ್ಬರ್ಟ್ ಮಾರ್ಷ್, ಜೇಮ್ಸ್ ನೀಲ್ ಮತ್ತು ಗ್ಯಾರಿ ರಿಚರ್ಡ್ಸ್ 1997ರಲ್ಲಿ ಪ್ರಕಟಿಸಿದ ಮೆಟಾ ಅನಾಲಿಸಿಸ್, ಅಂದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ಅದು. 96 ಅಧ್ಯಯನಗಳು, 12 ಸಾವಿರಕ್ಕೂ ಹೆಚ್ಚು ಶಿಬಿರಾರ್ಥಿಗಳು. ಸರಾಸರಿ ಪರಿಣಾಮ 0.34. ನೂರು ಮಂದಿಯ ಸಾಲಿನ ನಡುವೆ ನಿಂತಿದ್ದವನು ಶಿಬಿರ ಮುಗಿಯುವಾಗ ಹದಿಮೂರು ಸ್ಥಾನ ಮುಂದೆ ಬಂದಿರುತ್ತಾನೆ ಎಂದು ಇದನ್ನು ಓದಿಕೊಳ್ಳಬಹುದು. ಆತ್ಮವಿಶ್ವಾಸ, ಸ್ವಾವಲಂಬನೆ, ನಿರ್ಧಾರ ತೆಗೆದುಕೊಳ್ಳುವ ಶಕ್ತಿ ಇಂಥವುಗಳಲ್ಲಿ ಲಾಭ. ಶಾಲೆಯಲ್ಲಿ ನಡೆಯುವ ಎಷ್ಟೋ ಪ್ರಯೋಗಗಳ ಫಲ ತಿಂಗಳುಗಳಲ್ಲೇ ಕರಗಿದರೆ, ಇಲ್ಲಿ ಶಿಬಿರ ಮುಗಿದ ನಂತರವೂ 0.17ರಷ್ಟು ಏರಿತ್ತು. ಸಾಹಸ ಶಿಬಿರಗಳ ಅಭಿಮಾನಿಗಳು ಈ ಏರಿಕೆಯನ್ನು ಮಂತ್ರದಂತೆ ಜಪಿಸುತ್ತಾರೆ. ನಂತರದ ಅಳತೆ ಎಲ್ಲ ಅಧ್ಯಯನಗಳಲ್ಲೂ ನಡೆದಿರಲಿಲ್ಲ ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಾರೆ.

ಅದನ್ನೂ ಬಿಡೋಣ. ಯಾರೂ ಉಲ್ಲೇಖಿಸದ ಇನ್ನೊಂದು ಅಂಕಿ ಅದೇ ಪ್ರಬಂಧದಲ್ಲಿದೆ: 24. ಅಲ್ಲಿ ಲೆಕ್ಕಕ್ಕೆ ಬಂದ ಶಿಬಿರಗಳ ಸರಾಸರಿ ಅವಧಿ 24 ದಿನ. ಬಹುಪಾಲು ಶಿಬಿರಗಳು ಮೂರು ವಾರದ ಆಸುಪಾಸಿನವು. ಭಾಗವಹಿಸಿದವರ ಸರಾಸರಿ ವಯಸ್ಸು 22. ಇಪ್ಪತ್ತು ದಿನ ದಾಟಿದ ಶಿಬಿರಗಳ ಫಲ ಚಿಕ್ಕ ಶಿಬಿರಗಳಿಗಿಂತ ಹೆಚ್ಚು. ಆಸ್ಟ್ರೇಲಿಯಾದ ಶಿಬಿರಗಳು ಉಳಿದವನ್ನು ಮೀರಿಸಿದ್ದವು. ಎಲ್ಲ ಶಿಬಿರಗಳೂ ಫಲ ಕೊಡುವುದಿಲ್ಲ, ಕೊಟ್ಟವೂ ಎಲ್ಲ ಗುಣಗಳಲ್ಲಿ ಕೊಡುವುದಿಲ್ಲ ಎಂದು ಲೇಖಕರೇ ಎಚ್ಚರಿಸಿದ್ದಾರೆ. ಇದೆಲ್ಲವನ್ನೂ ಬದಿಗಿಟ್ಟು, ಎಂಟನೇ ತರಗತಿಯ ಮಕ್ಕಳ ವಾರಾಂತ್ಯದ ಶಿಬಿರಕ್ಕೆ 0.34ರ ಚೀಟಿ ಅಂಟಿಸುವುದೆಂದರೆ, ನಾಲ್ಕು ತಿಂಗಳ ರಾಗಿಯ ಇಳುವರಿ ತೋರಿಸಿ ನಾಲ್ಕು ವಾರಕ್ಕೇ ಕುಡುಗೋಲು ಹಿಡಿದು ಹೊರಟಂತೆ.

ದಿನಗಳ ಲೆಕ್ಕ ಯಾಕಿಷ್ಟು ಮುಖ್ಯ? ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಹಡಗು ಕಂಪನಿಯ ಒಡೆಯ ಲಾರೆನ್ಸ್ ಹೋಲ್ಟ್ ಸೇರಿ 1941ರಲ್ಲಿ ವೇಲ್ಸ್‌ನ ಅಬರ್ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಸಾಹಸ ಶಾಲೆ ಆರಂಭಿಸಿದಾಗ ಅವರ ಮುಂದಿದ್ದದ್ದು ಯುದ್ಧಕಾಲದ ಎಳೆಯ ನಾವಿಕರು. ಶಿಬಿರ ಸರಿಸುಮಾರು ಒಂದು ತಿಂಗಳಿನದು. ಮುಂದೆ ಜಗತ್ತಿನಾದ್ಯಂತ ಹಬ್ಬಿದ ಔಟ್‌ವರ್ಡ್ ಬೌಂಡ್ ಮಾದರಿಯ ನಡೆ ನೋಡಿ. ಮೊದಲು ಕೌಶಲಗಳ ತರಬೇತಿ. ಆಮೇಲೆ ಬೋಧಕರ ಜೊತೆ ದೀರ್ಘ ಚಾರಣ. ನಡುವೆ ಒಬ್ಬೊಬ್ಬರೇ ಕಾಡಿನಲ್ಲಿ ಕಳೆಯುವ ಏಕಾಂತದ ಹೊತ್ತು. ಕೊನೆಗೆ ಬೋಧಕರು ಹಿಂದೆ ಸರಿದು, ತಂಡವೇ ನಕ್ಷೆ ಹಿಡಿದು ದಾರಿ ಹುಡುಕಿಕೊಳ್ಳುವ ಅಂತಿಮ ಪಯಣ. ಮೊದಲ ವಾರವೆಂದರೆ ಕಾಲಿನ ಬೊಬ್ಬೆ, ಅನ್ನ ಸೀಯಿಸಿದ್ದಕ್ಕೆ ಜಗಳ, ಮನೆಯ ನೆನಪು. ಜಗಳವಾಡಿದವನ ಜೊತೆಯಲ್ಲೇ ಮರುದಿನ ಒಂದೇ ಹಗ್ಗ ಹಿಡಿಯಬೇಕಾಗಿ ಬಂದಾಗ ಕಲಿಕೆ ಶುರುವಾಗುತ್ತದೆ. ತಪ್ಪು ದಾರಿ ಹಿಡಿದರೆ ತಿರುಗಿ ನಡೆಯಬೇಕಾದವರು ತಾವೇ ಎಂದು ಗೊತ್ತಾದಾಗ ಅದು ಗಟ್ಟಿಯಾಗುತ್ತದೆ. ನಮ್ಮ ವಾರಾಂತ್ಯದ ಶಿಬಿರಗಳು ತರಬೇತಿಯ ಹಂತದಲ್ಲೇ ಮುಗಿಯುತ್ತವೆ. ಅಲ್ಲಿ ಹುಡುಗ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವುದಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿಸುವವರು ಒಬ್ಬರು, ‘ಜಂಪ್’ ಎನ್ನುವವರು ಇನ್ನೊಬ್ಬರು.

ಒಳ್ಳೆಯ ಪುರಾವೆ ಎಂದರೆ ಹೇಗಿರುತ್ತದೆ ಎನ್ನುವುದಕ್ಕೂ ಉದಾಹರಣೆಯಿದೆ. ಮಾರ್ಷ್, ರಿಚರ್ಡ್ಸ್ ಮತ್ತು ಬಾರ್ನ್ಸ್ 1986ರಲ್ಲಿ ಆಸ್ಟ್ರೇಲಿಯಾದ ಔಟ್‌ವರ್ಡ್ ಬೌಂಡ್ ಬಗ್ಗೆ ಪ್ರಕಟಿಸಿದ ಅಧ್ಯಯನ ಅದು. ಶಿಬಿರಾರ್ಥಿಗಳನ್ನು ಒಂದು ತಿಂಗಳು ಮೊದಲು ಒಮ್ಮೆ, ಮೊದಲ ದಿನ ಒಮ್ಮೆ, ಕೊನೆಯ ದಿನ ಮತ್ತೊಮ್ಮೆ ಅಳೆದರು. ಹದಿನೆಂಟು ತಿಂಗಳ ನಂತರವೂ ಬಿಡಲಿಲ್ಲ. ಮೊದಲ ಎರಡು ಅಳತೆಗಳ ನಡುವೆ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ, ಶಿಬಿರದ ಅವಧಿಯಲ್ಲಿ ಇತ್ತು, ಒಂದೂವರೆ ವರ್ಷದ ನಂತರವೂ ಅದು ಉಳಿದಿತ್ತು. ಶ್ಲಾಘನೀಯ ಕೆಲಸ. ಆ ಶಿಬಿರ ಎಷ್ಟು ದಿನದ್ದು? 26.

ಹಾಗಾದರೆ ದಿನ ಹೆಚ್ಚಿಸಿದಷ್ಟೂ ಫಲ ಹೆಚ್ಚುತ್ತದೆಯೇ ಎಂದು ಕೇಳಬಹುದು. ಇಲ್ಲ. ಸ್ಯಾಂಡ್ರಾ ವಿಲ್ಸನ್ ಮತ್ತು ಮಾರ್ಕ್ ಲಿಪ್ಸಿ 2000ದಲ್ಲಿ ಬಾಲಾಪರಾಧಿಗಳ ಕಾಡು ಶಿಬಿರಗಳ ಬಗೆಗಿನ 28 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಶಿಬಿರಕ್ಕೆ ಹೋದವರಲ್ಲಿ ಮತ್ತೆ ಅಪರಾಧಕ್ಕೆ ಇಳಿದವರು ಶೇ 29, ಹೋಗದವರಲ್ಲಿ ಶೇ 37. ಆರು ವಾರದೊಳಗಿನ ಶಿಬಿರಗಳಲ್ಲಿ ಅವಧಿಗೂ ಫಲಿತಾಂಶಕ್ಕೂ ಸಂಬಂಧ ಕಾಣಲಿಲ್ಲ. ಹತ್ತು ವಾರ ದಾಟಿದವುಗಳಲ್ಲಂತೂ ಫಲ ಕುಗ್ಗಿತ್ತು. ಗೆದ್ದದ್ದು ಎರಡೇ: ಮೈ ಮುರಿಯುವ ದುಡಿಮೆ ಮತ್ತು ಜೊತೆಯಲ್ಲಿ ನಡೆದ ಗಂಭೀರ ಆಪ್ತಸಲಹೆ. ಇದು ವಾರಾಂತ್ಯದ ಶಿಬಿರದವರಿಗೆ ಸಿಕ್ಕ ಆಸರೆಯೇನಲ್ಲ. ಆ ಎರಡೂ ಅವರ ಕಾರ್ಯಕ್ರಮ ಪಟ್ಟಿಯಲ್ಲಿ ಇರುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1960ರ ದಶಕದಲ್ಲಿ 120 ಹುಡುಗರ ಮೇಲೆ ನಡೆದ ಇಂಥದೇ ಹೆಸರಾಂತ ಪ್ರಯೋಗದಲ್ಲೂ, ಶಿಬಿರಕ್ಕೆ ಹೋದವರಿಗೂ ಹೋಗದವರಿಗೂ ನಡುವೆ ಮೊದಲ ವರ್ಷ ಕಂಡ ದೊಡ್ಡ ಅಂತರ ಐದು ವರ್ಷಗಳಲ್ಲಿ ಕಿರಿದಾಗಿತ್ತು.

ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್ ಕಥೆಯನ್ನೂ ನಮ್ಮವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಯಾವ ಕ್ರಮಕ್ಕೆ ಎಷ್ಟು ಫಲ ಎಂದು ಶಾಲೆಗಳಿಗೆ ತಿಳಿಸುವ ತನ್ನ ಪಟ್ಟಿಯಲ್ಲಿ ಅದು ಸಾಹಸ ಕಲಿಕೆಗೆ ‘ನಾಲ್ಕು ತಿಂಗಳ ಹೆಚ್ಚುವರಿ ಪ್ರಗತಿ’ ಎಂದು ಬರೆದಿತ್ತು. 2021ರಲ್ಲಿ ಪಟ್ಟಿಯನ್ನು ಹೊಸದಾಗಿ ರೂಪಿಸಿದಾಗ ಆ ಅಂಕಿ ಮಾಯವಾಯಿತು, ಪರಿಣಾಮ ಅಸ್ಪಷ್ಟ ಎಂಬ ಷರಾ ಬಂತು. ಹಳೆಯ ‘ನಾಲ್ಕು ತಿಂಗಳು’ ಮಾತ್ರ ಇನ್ನೂ ಭಾಷಣಗಳಲ್ಲಿ ಓಡಾಡಿಕೊಂಡಿದೆ.

ಇನ್ನು ಸಿಂಗಪುರ. 2016ರಲ್ಲಿ ಘೋಷಿಸಿದ ರಾಷ್ಟ್ರೀಯ ಯೋಜನೆಯಂತೆ ಅಲ್ಲಿ ಮೂರನೇ ಸೆಕೆಂಡರಿಯ ಮಕ್ಕಳಿಗೆ ಐದು ದಿನಗಳ ಔಟ್‌ವರ್ಡ್ ಬೌಂಡ್ ಶಿಬಿರ. ಬೇರೆ ಬೇರೆ ಶಾಲೆಗಳ ಮಕ್ಕಳನ್ನು ಬೆರೆಸಿ ತಂಡ ಕಟ್ಟುತ್ತಾರೆ. ಹಿನ್ನೆಲೆ ಬೇರೆಯಾದವರು ಒಂದೇ ದೋಣಿಗೆ ಹುಟ್ಟು ಹಾಕಲಿ ಎಂಬುದು ಆ ಯೋಜನೆಯ ಘೋಷಿತ ಉದ್ದೇಶಗಳಲ್ಲಿ ಒಂದು. ಅದಕ್ಕೆ ಐದು ದಿನ ಸಾಲಬಹುದು. ಅದರ ಹಿಂದೆ 1967ರಿಂದ ಪುಲಾವ್ ಉಬಿನ್ ದ್ವೀಪದಲ್ಲಿ ನಡೆದುಕೊಂಡು ಬಂದ ಕೇಂದ್ರವಿದೆ, ಅದರದೇ ಬೋಧಕ ವರ್ಗವಿದೆ. ನಾವು ನಕಲು ಮಾಡಹೊರಟಿರುವುದು ‘ಐದು ದಿನ’ ಎಂಬುದನ್ನಷ್ಟೇ, ಅದನ್ನೂ ಎರಡಕ್ಕೆ ಇಳಿಸಿ.

ಹೊರಗಡೆ ಹುಡುಕುವ ಅಗತ್ಯವೂ ಇರಲಿಲ್ಲ. 1954ರಲ್ಲಿ ಡಾರ್ಜಿಲಿಂಗ್‌ನಲ್ಲಿ, 1965ರಲ್ಲಿ ಉತ್ತರಕಾಶಿಯಲ್ಲಿ ಸ್ಥಾಪನೆಯಾದ ಪರ್ವತಾರೋಹಣ ಸಂಸ್ಥೆಗಳ ಪ್ರಾಥಮಿಕ ಕೋರ್ಸ್ ನಾಲ್ಕು ವಾರದ್ದು. ಕರ್ನಾಟಕದ ಯುವಕ ಯುವತಿಯರೂ ಅಲ್ಲಿ ಕಲಿತು ಬಂದಿದ್ದಾರೆ. ಸಂಶೋಧನೆ ಯಾವ ಅವಧಿಯನ್ನು ಬೆಂಬಲಿಸುತ್ತದೆಯೋ ಹೆಚ್ಚು ಕಡಿಮೆ ಅದೇ ಅವಧಿ ನಮ್ಮ ದೇಶದಲ್ಲೇ ದಶಕಗಳಿಂದ ರೂಢಿಯಲ್ಲಿದೆ. ಆದರೂ ಗಮನ ವಾರಾಂತ್ಯದ ಮೇಲೇಕೆ? ಲೆಕ್ಕ ಸುಲಭ. ಮೂವತ್ತು ಮಂದಿಯನ್ನು 28 ದಿನ ಇರಿಸಿಕೊಳ್ಳುವಷ್ಟೇ ಊಟ ವಸತಿಯಲ್ಲಿ 420 ಮಕ್ಕಳನ್ನು ಎರಡೆರಡು ದಿನ ಕರೆದೊಯ್ಯಬಹುದು. ವಾರ್ಷಿಕ ವರದಿಯಲ್ಲಿ 420 ಎಂಬ ಸಂಖ್ಯೆ 30ಕ್ಕಿಂತ ಎಷ್ಟೋ ಚೆಂದ ಕಾಣುತ್ತದೆ.

ಪರವಾಗಿಲ್ಲ, ಮಕ್ಕಳು ಹೊರಗಿನ ಗಾಳಿ ಕುಡಿಯಲಿ ಬಿಡಿ ಎನ್ನುವವರಿಗೆ ನನ್ನ ತಕರಾರಿಲ್ಲ. ರಾಮನಗರದ ಬಂಡೆ ಏರಿ ಬಂದ ಹುಡುಗಿ ಖುಷಿಯಾಗಿದ್ದರೆ ಅಷ್ಟು ಸಾಕು, ಆ ಖುಷಿಗೆ ಮೆಟಾ ಅನಾಲಿಸಿಸ್‌ನ ಮೊಹರು ಬೇಡ. ಆದರೆ ಎರವಲು ತಂದ ಅಂಕಿ ಅಪಾಯದ ತೂಕವನ್ನೂ ತಪ್ಪಿಸುತ್ತದೆ. ‘ವ್ಯಕ್ತಿತ್ವ ರೂಪುಗೊಳ್ಳುತ್ತದೆ’ ಎಂದು ನಂಬಿದ ಪೋಷಕರು ಒಪ್ಪುವ ಅಪಾಯವೇ ಬೇರೆ, ‘ಒಂದು ದಿನದ ಮೋಜು’ ಎಂದು ತಿಳಿದವರು ಒಪ್ಪುವುದೇ ಬೇರೆ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ಪಯಣಕ್ಕೆ ಹೋದ ನಾಲ್ವರು ಹದಿಹರೆಯದವರು ಸತ್ತರು. ಸಂಚಾಲಕ ಕಂಪನಿಗೆ ಶಿಕ್ಷೆಯಾಯಿತು, 1995ರಲ್ಲಿ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾಯ್ದೆ ಬಂತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದರು. ಅದು ಸಾಹಸ ಶಿಬಿರವಲ್ಲ, ಪ್ರವಾಸ. ಆದರೆ ಮಕ್ಕಳ ಜೊತೆ ಹೋಗುವವರಿಗೆ ಯಾವ ತರಬೇತಿ ಇರಬೇಕು, ಅದನ್ನು ಯಾರು ಪರೀಕ್ಷಿಸಬೇಕು ಎಂಬ ಪ್ರಶ್ನೆ ಎರಡಕ್ಕೂ ಒಂದೇ. ನಾವು ಕಡಲತೀರವನ್ನು ಕೆಲಕಾಲ ಮುಚ್ಚಿದೆವು.

ಸರ್ಕಾರಿ ಹಣದಲ್ಲಿ ಶಿಬಿರ ನಡೆಸಬಯಸುವವರ ಮುಂದೆ ಇಡಬೇಕಾದ ಷರತ್ತು ದುಬಾರಿಯದೇನಲ್ಲ. ಶಿಬಿರಕ್ಕೆ ಒಂದು ತಿಂಗಳು ಮೊದಲು, ಕೊನೆಯ ದಿನ, ಆರು ತಿಂಗಳ ನಂತರ, ಹೀಗೆ ಮೂರು ಸಲ ಒಂದೇ ಪ್ರಶ್ನಾವಳಿ ತುಂಬಿಸಲಿ. ಅದೇ ಶಾಲೆಯಲ್ಲಿ ಶಿಬಿರಕ್ಕೆ ಹೋಗದೆ ಉಳಿದ ವಿಭಾಗದ ಮಕ್ಕಳಿಂದಲೂ ತುಂಬಿಸಲಿ. ಕೊನೆಯ ರಾತ್ರಿ ಶಿಬಿರಾಗ್ನಿಯ ಸುತ್ತ ಮಕ್ಕಳು ಕಣ್ಣೀರಿಟ್ಟು ಆಡಿದ ಮಾತನ್ನು ಪುರಾವೆ ಎಂದು ತರುವುದು ಬೇಡ. ಒಂದು ವರ್ಷ ಇಷ್ಟು ಮಾಡಿದರೆ ಕರ್ನಾಟಕದ ಮಕ್ಕಳ ಮೇಲೆ ಎರಡು ದಿನದ ಶಿಬಿರದ ಫಲ ಎಷ್ಟೆಂಬುದು ಕೈಗೆ ಸಿಗುತ್ತದೆ. ಅದು 0.34 ಆಗಿದ್ದರೆ ಈ ಲೇಖನವನ್ನು ಹರಿದು ಹಾಕಲು ನಾನೇ ಮುಂದೆ ಬರುತ್ತೇನೆ. ಅಲ್ಲಿಯವರೆಗೆ ಆ ಶಿಬಿರಗಳ ಖರ್ಚು ಶಾಲಾ ಪ್ರವಾಸದ ಲೆಕ್ಕಶೀರ್ಷಿಕೆಯಲ್ಲೇ ಇರಲಿ.