ಕೆಮ್ಮಿರುವಾಗ ರೋಗಿ ಸಂದರ್ಶನ ಬೇಡ



ರೋಗಿಯನ್ನು ಕಂಡು ಸಾಂತ್ವನ ಹೇಳುವುದು ಪುಣ್ಯದ ಕೆಲಸ. ನಮ್ಮ ಹಳ್ಳಿಗಳಲ್ಲಿ ಯಾರಾದರೂ ಹುಬ್ಬಳ್ಳಿಯ ಆಸ್ಪತ್ರೆಯಿಂದ ಮರಳಿದರೆ ಇಡೀ ಓಣಿಯೇ ಅವರ ಮನೆಯಲ್ಲಿ ಸೇರುತ್ತದೆ. ಆದರೆ ಕೊರೋನಾ ಕಲಿಸಿದ ಒಂದು ಪಾಠವನ್ನು ನಾವು ಮರೆಯಬಾರದು.

2021ರ ನವೆಂಬರ್‌ನಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ 280ಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು. ಹೆಚ್ಚಿನವರು ಎರಡೂ ಡೋಸ್ ಲಸಿಕೆ ಪಡೆದವರು. ಬಹುತೇಕರಿಗೆ ಕಾಯಿಲೆ ಜೋರಾಗಲಿಲ್ಲ, ಆದರೆ ಸೋಂಕು ತಪ್ಪಲಿಲ್ಲ. ಆ ವೇಳೆಗೆ ವೈರಸ್ ಬದಲಾಗಿ ಡೆಲ್ಟಾ ಆಗಿತ್ತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ನಮ್ಮ ರಾಜ್ಯದಲ್ಲೇ, ಬೆಂಗಳೂರಿನಲ್ಲಿ ದೃಢಪಟ್ಟವು.

ವೈರಸ್ ಬದಲಾಗುವುದು ಎಲ್ಲಿ? ರೋಗಿಯ ದೇಹದೊಳಗೆ. ನವಲಗುಂದದಲ್ಲಿ ಜಮಖಾನ ನೇಯುವ ಸಹೋದರಿಯರಿಗೆ ಇದು ಬೇಗ ತಿಳಿದೀತು. ಒಂದನ್ನು ನೋಡಿ ಇನ್ನೊಂದನ್ನು ನೇಯುವಾಗ ಒಂದು ಎಳೆಯ ಬಣ್ಣ ತಪ್ಪಿದರೆ, ಅದನ್ನು ನೋಡಿ ನೇಯ್ದದ್ದರಲ್ಲೂ ಆ ತಪ್ಪು ಉಳಿಯುತ್ತದೆ. ಕೊರೋನಾ ವೈರಸ್ಸಿನ ನಕ್ಷೆಯಲ್ಲಿ ಸುಮಾರು 30,000 ಅಕ್ಷರಗಳಿವೆ. ಅದು ಕೋಟಿಗಟ್ಟಲೆ ಪ್ರತಿಯಾಗುವಾಗ ಅಲ್ಲಲ್ಲಿ ಅಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೆ ಲಾಭವಿಲ್ಲ. ಅಪರೂಪಕ್ಕೊಂದು ತಪ್ಪು, ದೇಹದ ರಕ್ಷಣಾ ಶಕ್ತಿಯ ಕಣ್ಣು ತಪ್ಪಿಸಲು ಅದಕ್ಕೆ ನೆರವಾಗುತ್ತದೆ.

ವಿಜ್ಞಾನಿಗಳು ಇದನ್ನು ಗಣಿತದ ಮೂಲಕ ಲೆಕ್ಕ ಹಾಕುತ್ತಾರೆ. ರೋಗಿಯಲ್ಲಿ ದಿನಕ್ಕೆ ಎಷ್ಟು ವೈರಸ್ ಹುಟ್ಟುತ್ತವೆ, ಎಷ್ಟು ಸಾಯುತ್ತವೆ, ಯಾವ ಅಕ್ಷರ ಬದಲಾಗಿದೆ ಎಂದು ಮಾದರಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ ಹೋಲಿಸುತ್ತಾರೆ. ಇದರಿಂದ ತಿಳಿದ ಮುಖ್ಯ ಸಂಗತಿ: ಕಾಲಾವಕಾಶ ಸಿಕ್ಕಷ್ಟೂ ವೈರಸ್ ಬದಲಾಗುತ್ತದೆ. ಆರೋಗ್ಯವಂತರ ದೇಹ ಸಾಮಾನ್ಯವಾಗಿ ಎರಡು ವಾರದೊಳಗೆ ಅದನ್ನು ಅಳಿಸಿಬಿಡುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಮುಂತಾದವರ ರಕ್ಷಣಾ ಶಕ್ತಿ ಕುಂದಿರುತ್ತದೆ. ಅಂಥ ಕೆಲವರಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿದು, ಒಂದರ ಮೇಲೊಂದು ಬದಲಾವಣೆ ಕೂಡಿಸಿಕೊಂಡದ್ದು ಕಂಡುಬಂದಿದೆ. ಒಮಿಕ್ರಾನ್ ಕೂಡ ಹೀಗೇ ಹುಟ್ಟಿರಬಹುದೆಂದು ಹಲವು ತಜ್ಞರ ಅಭಿಪ್ರಾಯ.

ಇದು ಆ ರೋಗಿಗಳ ತಪ್ಪಲ್ಲ. ಅವರನ್ನು ದೂರವಿಡುವುದು ಅನ್ಯಾಯ. ಅವರಿಗೆ ಸೋಂಕು ತಗಲದಂತೆ ಕಾಯುವುದು ನಮ್ಮ ಹೊಣೆ. ಪಿಡುಗು ಹರಡಿದ ಊರಿಗೆ ಹೋಗಬಾರದು, ಅಲ್ಲಿಂದ ಹೊರಬರಲೂ ಬಾರದು ಎಂಬ ಪ್ರವಾದಿ(ಸ)ರ ಆದೇಶದಲ್ಲೂ ಇದೇ ಕಾಳಜಿಯಿದೆ.

ಆದ್ದರಿಂದ ನೆಗಡಿ, ಕೆಮ್ಮು, ಜ್ವರವಿದ್ದರೆ ರೋಗಿಯ ಮನೆಗೆ ಹೋಗಬೇಡಿ, ಮಕ್ಕಳನ್ನೂ ಕಳಿಸಬೇಡಿ. ಫೋನಿನಲ್ಲೇ ಕ್ಷೇಮ ವಿಚಾರಿಸಿ, ದುಆ ಮಾಡಿ. ನಿಮ್ಮ ಮನೆಯಲ್ಲೇ ಅಂಥ ರೋಗಿಯಿದ್ದರೆ, ಬಂದವರನ್ನು ಬಾಗಿಲಲ್ಲೇ ವಿನಯದಿಂದ ತಡೆಯಲು ಸಂಕೋಚಪಡಬೇಡಿ. ಡಾಕ್ಟರನ್ನು ಕೇಳದೆ ಅವರ ಮಾತ್ರೆ ನಿಲ್ಲಿಸಬೇಡಿ. ಜ್ವರ ಬಂದರೆ ತಡಮಾಡದೆ ತೋರಿಸಿ.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ.