ಅರಮನೆಯ ಗ್ರಂಥ, ಚರಖದ ಹಾಡು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಒಂದು ಕಾಲದಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಗೆ ಒಳಪಟ್ಟ ನೆಲ. ಮುಧೋಳದ ಘೋರ್ಪಡೆ ಮನೆತನದವರು ಆ ದರ್ಬಾರಿನ ಸರದಾರರಾಗಿದ್ದರು. ಇಲ್ಲಿನ ಮುಸ್ಲಿಮ್ ಕುಟುಂಬಗಳಿಗೆ ಆ ಹೆಸರೆಂದರೆ ಇಂದಿಗೂ ಅಭಿಮಾನ. ರಜೆ ಬಂದರೆ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದೊಯ್ದು ಪ್ರತಿಧ್ವನಿ ಕೇಳಿಸುತ್ತೇವೆ. ಆದರೆ ಅದೇ ಊರಿನ ಆಸಾರ್ ಮಹಲಿನಲ್ಲಿದ್ದ ಗ್ರಂಥಗಳು ಏನಾದವು ಎಂದು ಅವರಿಗೆ ಎಂದಾದರೂ ಹೇಳಿದ್ದೇವೆಯೇ?

ಆದಿಲ್‌ಶಾಹಿ ದರ್ಬಾರು ವಿದ್ಯೆಯನ್ನು ಪೋಷಿಸಿತೆಂಬುದರಲ್ಲಿ ಸಂಶಯವಿಲ್ಲ. ಇತಿಹಾಸಕಾರ ಫಿರಿಶ್ತಾ ತನ್ನ ಬೃಹತ್ ಕೃತಿಯನ್ನು ಬರೆದದ್ದು ಅಲ್ಲಿಯೇ. ಎರಡನೆಯ ಇಬ್ರಾಹೀಮ್ ಆದಿಲ್‌ಶಾಹ್ ಸ್ವತಃ ದಖನಿಯಲ್ಲಿ 'ಕಿತಾಬೆ ನವ್ರಸ್' ರಚಿಸಿದನು. ಆದರೆ ಗ್ರಂಥಗಳ ಯಜಮಾನಿಕೆ ಅರಮನೆಯದಾಗಿತ್ತು. 1686ರಲ್ಲಿ ಔರಂಗಜೇಬನ ಸೇನೆಗೆ ಬಿಜಾಪುರ ಶರಣಾಯಿತು. ಅಮೂಲ್ಯ ಗ್ರಂಥಗಳು ಗಾಡಿಗಳಲ್ಲಿ ಸಾಗಿಹೋದವೆಂದು ಜನ ಹೇಳುತ್ತಾ ಬಂದಿದ್ದಾರೆ. ಅಳಿದುಳಿದ ಅರಬಿ, ಪಾರಸಿ ಹಸ್ತಪ್ರತಿಗಳನ್ನು 19ನೇ ಶತಮಾನದ ಮಧ್ಯಭಾಗದಲ್ಲಿ ಬ್ರಿಟಿಷರು ಲಂಡನ್ನಿಗೆ ಕೊಂಡೊಯ್ದರು. ಸಿಂಹಾಸನ ಉರುಳಿತು, ಗ್ರಂಥಾಲಯವೂ ಹೋಯಿತು.

ಅದೇ ಶತಮಾನಗಳಲ್ಲಿ ಯೂರೋಪಿನಲ್ಲೂ ಅಧಿಕಾರ, ಧರ್ಮ ಮತ್ತು ವಿದ್ಯೆಗಳ ನಡುವೆ ದೊಡ್ಡ ಹೋರಾಟ ನಡೆದಿತ್ತು. ಮಧ್ಯಯುಗದ ಯೂರೋಪಿನಲ್ಲಿ ವಿದ್ಯೆ ಚರ್ಚಿನ ಅಧೀನದಲ್ಲಿತ್ತು. ಅದರ ಭಾಷೆ ಜನಸಾಮಾನ್ಯರಿಗೆ ಅರಿಯದ ಲ್ಯಾಟಿನ್. ನಮ್ಮ ಖಾಝಿ ಇಬ್ನ್ ರುಶ್ದ್‌ರ ವ್ಯಾಖ್ಯಾನಗಳು ಲ್ಯಾಟಿನ್‌ಗೆ ಅನುವಾದಗೊಂಡು ಪ್ಯಾರಿಸ್ಸಿನ ವಿದ್ವಾಂಸರನ್ನು ಎಚ್ಚರಿಸಿದವು. 1277ರಲ್ಲಿ ಅಲ್ಲಿಯ ಬಿಷಪ್ 219 ವಿಚಾರಗಳನ್ನು ನಿಷೇಧಿಸಿದನು. ಇದನ್ನು ಕೇಳಿ ನಾವು ಬೀಗುವಂತಿಲ್ಲ. ಅದೇ ಇಬ್ನ್ ರುಶ್ದ್‌ರನ್ನು 1195ರಲ್ಲಿ ಗಡೀಪಾರು ಮಾಡಿ, ಅವರ ತತ್ವಶಾಸ್ತ್ರದ ಗ್ರಂಥಗಳನ್ನು ಸುಡಿಸಿದವನು ಮುಸ್ಲಿಮ್ ಅರಸನೇ.

1415ರಲ್ಲಿ ಚರ್ಚಿನ ಭ್ರಷ್ಟತೆಯನ್ನು ಪ್ರಶ್ನಿಸಿದ ಯಾನ್ ಹುಸ್‌ನನ್ನು ಜೀವಂತ ಸುಡಲಾಯಿತು. ನೂರು ವರ್ಷಗಳ ಬಳಿಕ, 1517ರಲ್ಲಿ, ಮಾರ್ಟಿನ್ ಲೂಥರ್ ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನೆತ್ತಿದಾಗ ಅವನ ದನಿಯನ್ನು ಅಡಗಿಸಲಾಗಲಿಲ್ಲ. ಅವನಿಗೆ ಒಬ್ಬ ದೊರೆಯ ಆಶ್ರಯ ದೊರೆಯಿತೆಂಬುದು ಒಂದು ಕಾರಣ. ಅಷ್ಟರಲ್ಲಿ ಮುದ್ರಣಯಂತ್ರ ಊರೂರಿಗೆ ಹಬ್ಬಿತ್ತೆಂಬುದು ಇನ್ನೊಂದು. 1522ರಲ್ಲಿ ಅವನು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಧರ್ಮಗ್ರಂಥ ಮನೆಯೊಳಗೆ ಬಂದಿತು. ಆದರೆ ದೊರೆಯ ಉಪ್ಪಿನ ಋಣ ಸುಮ್ಮನೆ ಬಿಡಲಿಲ್ಲ. 1525ರಲ್ಲಿ ರೈತರು ಬಂಡೆದ್ದಾಗ ಲೂಥರ್ ದೊರೆಗಳ ಪರ ನಿಂತನು. 1555ರ ಆಗ್ಸ್‌ಬರ್ಗ್ ಒಪ್ಪಂದವಂತೂ ದೊರೆಯ ಧರ್ಮವೇ ಪ್ರಜೆಯ ಧರ್ಮವೆಂದು ನಿರ್ಧರಿಸಿಬಿಟ್ಟಿತು.

ಮುದ್ರಣಯಂತ್ರ ನಮ್ಮ ಬಾಗಿಲಿಗೂ ಬಂದಿತ್ತು. 1510ರಲ್ಲಿ ಆದಿಲ್‌ಶಾಹಿಗಳಿಂದ ಪೋರ್ಚುಗೀಸರು ಕಸಿದುಕೊಂಡ ಗೋವೆಯಲ್ಲಿ 1556ರಲ್ಲಿ ಮುದ್ರಣ ಆರಂಭವಾಯಿತು. ನಾಲ್ಕೇ ವರ್ಷಗಳಲ್ಲಿ, 1560ರಲ್ಲಿ, ಅದೇ ಗೋವೆಯಲ್ಲಿ ಜನರ ನಂಬಿಕೆಯನ್ನು ವಿಚಾರಿಸಿ ಶಿಕ್ಷಿಸುವ ಇನ್‌ಕ್ವಿಸಿಷನ್ ನ್ಯಾಯಾಲಯವೂ ಸ್ಥಾಪನೆಯಾಯಿತು. ಯಂತ್ರ ತಾನಾಗಿ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಅದು ಯಾರ ಕೈಯಲ್ಲಿದೆ, ಯಾರ ಭಾಷೆಯಲ್ಲಿ ನುಡಿಯುತ್ತದೆ ಎಂಬುದೇ ಮುಖ್ಯ. ಮುದ್ರಣವಿಲ್ಲದ ಕಾಲದಲ್ಲೂ ಮನಸ್ಸಿದ್ದರೆ ಮಾರ್ಗವಿತ್ತು. ಹತ್ತನೆಯ ಶತಮಾನದಲ್ಲಿ ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ವಿದ್ಯೆ ಅರಸಿ ಹೊರಟು ಮಹಾಕವಿಯಾದನು. ಅವನಿಗೆ ಆಶ್ರಯವಿತ್ತ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು.

ಬಿಜಾಪುರದಲ್ಲೂ ಅರಮನೆಯ ಹೊರಗೆ ಇನ್ನೊಂದು ವಿದ್ಯೆ ಬೆಳೆಯುತ್ತಿತ್ತು. ಅಲ್ಲಿಯ ಸೂಫಿ ಪರಂಪರೆಯವರು ದಖನಿಯಲ್ಲಿ ಚಕ್ಕಿನಾಮಾ, ಚರಖಾನಾಮಾಗಳನ್ನು ಕಟ್ಟಿದರು. ಹೆಂಗಸರು ಹಿಟ್ಟು ಬೀಸುತ್ತ, ನೂಲು ತೆಗೆಯುತ್ತ ಅವುಗಳನ್ನು ಹಾಡಿದರು. ಹಾಡುತ್ತಲೇ ದೇವನ ನಾಮಸ್ಮರಣೆಯನ್ನು ಕಲಿತರು. 'ಬಿಜಾಪುರದ ಸೂಫಿಗಳು' ಕುರಿತ ತಮ್ಮ 1978ರ ಗ್ರಂಥದಲ್ಲಿ ರಿಚರ್ಡ್ ಈಟನ್ ಇದನ್ನು ವಿವರಿಸಿದ್ದಾರೆ. ಸೂಫಿಗಳ ಎಲ್ಲ ಆಚರಣೆಗಳನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಬೀಸುವ ಕಲ್ಲಿನ ಬಳಿಗೆ ಧರ್ಮಬೋಧೆಯನ್ನು ಒಯ್ದ ಅವರ ವಿವೇಕವನ್ನು ಮೆಚ್ಚಲೇಬೇಕು. ಅದೇ ಪರಂಪರೆಯ ಅನೇಕರು ಮುಂದೆ ದರ್ಬಾರಿನ ಇನಾಮು ಭೂಮಿ ಪಡೆದು ಜಮೀನುದಾರರಾದರೆಂಬುದನ್ನೂ ಈಟನ್ ತೋರಿಸಿದ್ದಾರೆ. ಆಸಾರ್ ಮಹಲಿನ ಗ್ರಂಥಗಳಿಗಾಗಿ ಇಂದು ಲಂಡನ್ನಿಗೆ ಹೋಗಬೇಕು. ಚರಖದ ಹಾಡನ್ನು ಯಾವ ಸೇನೆಯೂ ಗಾಡಿಗೆ ಹೇರಲಾಗಲಿಲ್ಲ.

ಈ ಇತಿಹಾಸ ನಮಗೆ ಹೇಳುವುದೇನು? ಅಧಿಕಾರದ ನೆರಳಲ್ಲಿ ಬೆಳೆದ ವಿದ್ಯೆ ಅಧಿಕಾರದೊಂದಿಗೆ ಅಳಿಯುತ್ತದೆ. ಜನರ ಭಾಷೆಯಲ್ಲಿ ಮನೆ ಸೇರಿದ ವಿದ್ಯೆ ಉಳಿಯುತ್ತದೆ. ಆದಿಲ್‌ಶಾಹಿಗಳ ವೈಭವವನ್ನು ನೆನೆದು ನಿಟ್ಟುಸಿರು ಬಿಡುವ ನಾವು ನಮ್ಮ ಮೊಹಲ್ಲಾಗಳನ್ನೊಮ್ಮೆ ನೋಡಿಕೊಳ್ಳಬೇಕು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳಿಸುವ ಎಷ್ಟು ಮನೆಗಳಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೊಂದು ಪುಸ್ತಕವಿದೆ? ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಣುಮಗಳನ್ನು ಕಾಲೇಜಿಗೆ ಕಳುಹಿಸುವ ಬದಲು ವರ ಹುಡುಕಲು ಹೊರಡುವವರೆಷ್ಟು ಮಂದಿ? ಜುಮಾದ ಪ್ರವಚನ ಕನ್ನಡ ಶಾಲೆಯಲ್ಲಿ ಕಲಿತ ಯುವಕನಿಗೆ ಅರ್ಥವಾಗುತ್ತಿದೆಯೇ?

ಚುನಾವಣೆ ಹತ್ತಿರ ಬಂದಾಗ ನಾಯಕರು ಮಸೀದಿಯ ಅಂಗಳಕ್ಕೆ ಬಂದು ಶಾದಿಮಹಲಿನ ಆಶ್ವಾಸನೆ ನೀಡುತ್ತಾರೆ. ನಾವು ಶಾಲು ಹೊದಿಸಿ ಕಳುಹಿಸುತ್ತೇವೆ. ಸರಕಾರದ ಅನುದಾನ ಪ್ರಜೆಯ ಹಕ್ಕು. ಅದನ್ನು ತಲೆಯೆತ್ತಿ ಕೇಳೋಣ. ಆದರೆ ನಾಯಕನ ಉಪಕಾರವೆಂದು ಪಡೆದದ್ದು ಆಲಿಮರ ಮತ್ತು ಜಮಾಅತಿನ ಹಿರಿಯರ ನಾಲಿಗೆಯನ್ನು ಕಟ್ಟಿಹಾಕುತ್ತದೆ. ಅಂದಿನ ಇನಾಮು ಭೂಮಿ ಮಾಡಿದ್ದೂ ಅದನ್ನೇ.

ಓದುವ ಆಜ್ಞೆಯೊಂದಿಗೆ ಅವತರಣ ಆರಂಭವಾದ ಗ್ರಂಥದ ಅನುಯಾಯಿಗಳು ನಾವು. ಪ್ರತಿಯೊಂದು ಮಸೀದಿಯ ಒಂದು ಕೋಣೆಯಲ್ಲಿ ಕನ್ನಡ, ಉರ್ದು ಪುಸ್ತಕಗಳ ಒಂದು ಕಪಾಟು ಇರಲಿ. ಅದರ ಖರ್ಚನ್ನು ಜಮಾಅತಿನವರೇ ತಮ್ಮ ದುಡಿಮೆಯ ಹಣದಿಂದ ಭರಿಸಲಿ. ಅದರ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿರಲಿ. ಮುಂದಿನ ರಜೆಯಲ್ಲಿ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದೊಯ್ದಾಗ ಆಸಾರ್ ಮಹಲಿಗೂ ಕರೆದೊಯ್ಯೋಣ. ಅಲ್ಲಿಯ ಗ್ರಂಥಗಳು ಏಕೆ ಉಳಿಯಲಿಲ್ಲವೆಂದು ಅವರೇ ಕೇಳಲಿ.